ಬ್ಯಾಂಡ್ ಕೂಡ ಒಂದು ಪೀರಿಯಡ್: ಟೆಕ್ಸಸ್‌ನ ಸರ್ಕಾರಿ ಹೈಸ್ಕೂಲ್ ನಡೆಯುವ ಬಗೆ

ಮಗಳು ಒಂಬತ್ತನೇ ತರಗತಿಗೆ ಹೋಗುವ ಮುಂಚಿನ ಫೆಬ್ರವರಿಯಲ್ಲಿ ಮನೆಗೆ ಒಂದು ಹಾಳೆ ಬಂತು. ಮುಂದಿನ ವರ್ಷ ಯಾವ ಯಾವ ವಿಷಯ ಬೇಕು ಅಂತ ಬರೆದು, ಸಹಿ ಹಾಕಿ ವಾಪಸ್ ಕಳಿಸಬೇಕಿತ್ತು. ಹಾಳೆಯಲ್ಲಿ ಎಂಟು ಖಾನೆ. ಇಂಗ್ಲಿಷ್, ಗಣಿತ, ಬಯಾಲಜಿ, ಭೂಗೋಳ, ಸ್ಪ್ಯಾನಿಷ್ ಎಲ್ಲ ಸರಿ. ಏಳನೇ ಖಾನೆಯಲ್ಲಿ ಅವಳೇ ಪೆನ್ಸಿಲಿನಲ್ಲಿ ‘ಬ್ಯಾಂಡ್’ ಅಂತ ಬರೆದಿದ್ದಳು. ನಾನು ಅದನ್ನು ಅಳಿಸಿ ಕಂಪ್ಯೂಟರ್ ಸೈನ್ಸ್ ಅಂತ ಬರೆದೆ. “ಬ್ಯಾಂಡಿಗೆ ಸಂಜೆ ಹೋಗು, ಯಾರು ಬೇಡ ಅಂದ್ರು?” ಅಂದೆ.

ಅವಳು ಸ್ವಲ್ಪ ಹೊತ್ತು ಸುಮ್ನೆ ಇದ್ದಳು. ಆಮೇಲೆ, “ಅಮ್ಮಾ, ಅದು ಕ್ಲಾಸು. ಕ್ಲಾಸ್ ತಗೊಳ್ಳದಿದ್ರೆ ನಾನು ಬ್ಯಾಂಡಲ್ಲೇ ಇರಲ್ಲ” ಅಂದಳು.

ಅವತ್ತು ನನಗೆ ಅರ್ಥವಾಗದ ಆ ಒಂದು ಮಾತೇ ಇಲ್ಲಿನ ಹೈಸ್ಕೂಲಿನ ಬೀಗದ ಕೈ. ಡಾಲಸ್, ಆಸ್ಟಿನ್, ಹ್ಯೂಸ್ಟನ್ ಸುತ್ತ ಈಗ ಕನ್ನಡದ ಮನೆಗಳು ತುಂಬಾ ಇವೆ. ಪ್ರತಿ ವರ್ಷ ಯಾರಾದರೊಬ್ಬರು ‘ಬ್ಯಾಂಡ್ ಯಾಕೆ ಪಾಠದ ಪಟ್ಟಿಯಲ್ಲಿದೆ?’ ಅಂತ ನನ್ನನ್ನು ಕೇಳುತ್ತಾರೆ. ಊರಲ್ಲಿರುವ ಅಜ್ಜ ಅಜ್ಜಿಯರಂತೂ ಮೊಮ್ಮಗ ಶುಕ್ರವಾರ ರಾತ್ರಿ ಹನ್ನೊಂದಕ್ಕೆ ಶಾಲೆಯಿಂದ ಬಂದ ಅಂದರೆ ಗಾಬರಿಯಾಗುತ್ತಾರೆ. ಅವರಿಗೂ ತಿಳಿಯಲಿ ಅಂತ ಇದನ್ನು ಬರೆಯುತ್ತಿದ್ದೇನೆ.

ನಾವು ಓದಿದ ಶಾಲೆಯಲ್ಲಿ ಪಾಠ ಒಂದು ಕಡೆ, ಆಟ ನಾಟಕ ಇನ್ನೊಂದು ಕಡೆ. ವೇಳಾಪಟ್ಟಿಯಲ್ಲಿ ಪಿ.ಟಿ. ಪೀರಿಯಡ್ ಇರುತ್ತಿತ್ತು. ಎಸ್ಸೆಸ್ಸೆಲ್ಸಿ ಹತ್ತಿರ ಬಂದ ಹಾಗೆ ಅದು ಗಣಿತದ ಮೇಷ್ಟರ ಪಾಲಾಗುತ್ತಿತ್ತು. ಹಾಡು, ಏಕಪಾತ್ರಾಭಿನಯ ಅಂದರೆ ವರ್ಷಕ್ಕೊಮ್ಮೆ ಪ್ರತಿಭಾ ಕಾರಂಜಿ. ಟೆಕ್ಸಸ್‌ನಲ್ಲಿ ಪಾಠ, ಆಟ, ಕಲೆ ಮೂರೂ ವೇಳಾಪಟ್ಟಿಯ ಒಳಗೇ ಇವೆ. ಮೂರಕ್ಕೂ ಸಂಬಳದ ಮೇಷ್ಟರಿದ್ದಾರೆ, ಮೂರಕ್ಕೂ ಕ್ರೆಡಿಟ್ ಇದೆ, ಮೂರರ ಸ್ಪರ್ಧೆಗಳನ್ನೂ ಒಂದೇ ಸಂಸ್ಥೆ ನಡೆಸುತ್ತದೆ. ಒಂದನ್ನು ಎಳೆದರೆ ಉಳಿದೆರಡೂ ಅಲುಗಾಡುತ್ತವೆ.

ಮೊದಲು ‘ಪಬ್ಲಿಕ್’ ಅನ್ನುವ ಮಾತು. ನಮ್ಮಲ್ಲಿ ಪಬ್ಲಿಕ್ ಸ್ಕೂಲ್ ಅಂತ ಬೋರ್ಡ್ ಇದ್ದರೆ ಅದು ಬಹುಪಾಲು ದುಬಾರಿ ಖಾಸಗಿ ಶಾಲೆ. ಇಲ್ಲಿ ಪಬ್ಲಿಕ್ ಅಂದರೆ ಸರ್ಕಾರಿ. ಫೀಸ್ ಇಲ್ಲ. ಮನೆಯ ವಿಳಾಸ ಯಾವ ಶಾಲೆಯ ವ್ಯಾಪ್ತಿಗೆ ಬರುತ್ತದೋ ಆ ಶಾಲೆ ಮಗುವನ್ನು ಸೇರಿಸಿಕೊಳ್ಳಲೇಬೇಕು. ವೀಸಾ ಯಾವುದು ಅಂತ ಕೇಳುವ ಹಾಗಿಲ್ಲ. ಇದು ಟೆಕ್ಸಸ್‌ನ ಟೈಲರ್ ಊರಿನ ಪ್ರಕರಣದಲ್ಲೇ ಅಮೆರಿಕದ ಸುಪ್ರೀಂ ಕೋರ್ಟ್ 1982ರಲ್ಲಿ ತೀರ್ಮಾನಿಸಿದ ವಿಷಯ. ಕಾಗದಪತ್ರ ಇಲ್ಲದ ಕುಟುಂಬದ ಮಗುವಿಗೂ ಸರ್ಕಾರಿ ಶಾಲೆಯ ಹಕ್ಕಿದೆ ಅಂತ ಕೋರ್ಟ್ ಹೇಳಿತು. ಗ್ರೀನ್ ಕಾರ್ಡಿಗೆ ವರ್ಷಗಟ್ಟಲೆ ಕಾಯುವ ನಮ್ಮವರು ನೆನಪಿಡಬೇಕಾದ ತೀರ್ಪು ಇದು.

ಶಾಲೆ ನಡೆಸುವುದು ಸ್ಕೂಲ್ ಡಿಸ್ಟ್ರಿಕ್ಟ್. ಇದನ್ನು ನಮ್ಮ ಜಿಲ್ಲೆ ಅಂದುಕೊಳ್ಳಬೇಡಿ. ಒಂದೊಂದು ಪಟ್ಟಣಕ್ಕೂ ಒಂದೊಂದು ಇರಬಹುದು. ಟೆಕ್ಸಸ್‌ನಲ್ಲಿ ಇಂಥವು ಸಾವಿರಕ್ಕೂ ಹೆಚ್ಚಿವೆ. ಜನ ಆರಿಸಿದ ಶಾಲಾ ಮಂಡಳಿ ಅದರ ಯಜಮಾನ. ದುಡ್ಡಿನ ದೊಡ್ಡ ಪಾಲು ಮನೆಗಳ ಮೇಲಿನ ಆಸ್ತಿ ತೆರಿಗೆಯಿಂದ ಬರುತ್ತದೆ. ಟೆಕ್ಸಸ್‌ನಲ್ಲಿ ರಾಜ್ಯದ ಆದಾಯ ತೆರಿಗೆ ಇಲ್ಲ, ಹಾಗಾಗಿ ಮನೆಯ ಮೇಲಿನ ಭಾರ ಜಾಸ್ತಿ. ‘ಒಳ್ಳೆ ಸ್ಕೂಲ್ ಇರೋ ಏರಿಯಾದಲ್ಲಿ ಮನೆ ತಗೊಳ್ಳಿ’ ಅಂತ ನಮ್ಮವರು ಹೇಳುವುದರ ಹಿಂದೆ ಇರುವ ಲೆಕ್ಕ ಇದೇ. ಶ್ರೀಮಂತ ಊರು ಬಡ ಊರು ಅನ್ನುವ ಅಂತರ ತಗ್ಗಿಸಲು 1993ರಿಂದ ಒಂದು ಕಾಯ್ದೆ ಇದೆ. ಆಸ್ತಿ ಜಾಸ್ತಿ ಇರುವ ಡಿಸ್ಟ್ರಿಕ್ಟ್ ತನ್ನ ತೆರಿಗೆಯ ಒಂದು ಪಾಲನ್ನು ರಾಜ್ಯಕ್ಕೆ ಬಿಟ್ಟುಕೊಡಬೇಕು. ಜನ ಅದನ್ನು ರಾಬಿನ್ ಹುಡ್ ಕಾಯ್ದೆ ಅನ್ನುತ್ತಾರೆ.

ಈಗ ಪಾಠಕ್ಕೆ ಬರೋಣ.

ಹೈಸ್ಕೂಲ್ ಅಂದರೆ ಒಂಬತ್ತರಿಂದ ಹನ್ನೆರಡು, ನಾಲ್ಕು ವರ್ಷ. ನಮ್ಮ ಎಸ್ಸೆಸ್ಸೆಲ್ಸಿ ಥರ ಎಲ್ಲವನ್ನೂ ನಿರ್ಧರಿಸುವ ಒಂದು ದೊಡ್ಡ ಪರೀಕ್ಷೆ ಕೊನೆಗೆ ಬರುವುದಿಲ್ಲ. ಬದಲಿಗೆ ಕ್ರೆಡಿಟ್‌ಗಳನ್ನು ಕೂಡಿಸುತ್ತಾ ಹೋಗಬೇಕು. ಒಂದು ವಿಷಯವನ್ನು ಒಂದು ವರ್ಷ ಓದಿ ಪಾಸಾದರೆ ಸಾಮಾನ್ಯವಾಗಿ ಒಂದು ಕ್ರೆಡಿಟ್. ಪಾಸ್ ಅಂದರೆ ನೂರಕ್ಕೆ 70. 35 ಅಲ್ಲ, 70! ನಮ್ಮವರು ಮೊದಲು ಬೆಚ್ಚಿಬೀಳುವುದು ಇಲ್ಲೇ. ಆದರೆ ಆ 70ರಲ್ಲಿ ಹೋಂವರ್ಕ್, ಪ್ರಾಜೆಕ್ಟ್, ವಾರದ ಕಿರುಪರೀಕ್ಷೆ ಎಲ್ಲ ಸೇರಿರುತ್ತದೆ. ಕೊನೆಯ ತಿಂಗಳು ನಿದ್ದೆಗೆಟ್ಟು ಓದಿ ಗೆಲ್ಲುವುದಕ್ಕೆ ಆಗುವುದಿಲ್ಲ. ವರ್ಷ ಪೂರ್ತಿ ಎಚ್ಚರ ಇರಬೇಕು.

ಟೆಕ್ಸಸ್‌ನ ಮೂಲ ಯೋಜನೆಗೆ 22 ಕ್ರೆಡಿಟ್ ಬೇಕು. ಇಂಗ್ಲಿಷ್ 4, ಗಣಿತ 3, ವಿಜ್ಞಾನ 3, ಸಮಾಜ 3, ಇನ್ನೊಂದು ಭಾಷೆ 2, ದೈಹಿಕ ಶಿಕ್ಷಣ 1, ಲಲಿತಕಲೆ 1, ಮಕ್ಕಳೇ ಆರಿಸಿಕೊಳ್ಳುವ ವಿಷಯಗಳು 5. ಇದರ ಮೇಲೆ ಒಂದು ವಿಭಾಗದಲ್ಲಿ ಹೆಚ್ಚು ಓದಿ ‘ಎಂಡಾರ್ಸ್‌ಮೆಂಟ್’ ಅನ್ನುವ ಮುದ್ರೆ ಪಡೆದರೆ ಒಟ್ಟು 26. ಬಹಳಷ್ಟು ಮಕ್ಕಳು ಇದನ್ನೇ ಮಾಡುತ್ತಾರೆ. ಮುದ್ರೆಗಳು ಐದು ಬಗೆಯವು. ವಿಜ್ಞಾನ ತಂತ್ರಜ್ಞಾನದ್ದು ನಮ್ಮವರಿಗೆ ಗೊತ್ತು. ಕಲೆ ಮತ್ತು ಮಾನವಿಕ ವಿಷಯಗಳದ್ದೂ ಅದೇ ಪಂಕ್ತಿಯಲ್ಲಿ ಕೂತಿದೆ.

ಆ ಪಟ್ಟಿಯನ್ನು ಇನ್ನೊಮ್ಮೆ ನೋಡಿ. ಒಂದು ಕ್ರೆಡಿಟ್ ಕಲೆ ಇಲ್ಲದೆ, ಒಂದು ಕ್ರೆಡಿಟ್ ವ್ಯಾಯಾಮ ಇಲ್ಲದೆ ಹೈಸ್ಕೂಲ್ ಮುಗಿಯುವುದೇ ಇಲ್ಲ. ಗಣಿತದಲ್ಲಿ ಎಷ್ಟೇ ಜಾಣೆಯಾಗಿರಲಿ, ಚಿತ್ರವೋ ನಾಟಕವೋ ಕೊಳಲೋ ಕಲಿಯಲೇಬೇಕು. ಮೈದಾನದಲ್ಲಿ ಹೆಜ್ಜೆ ಹಾಕುತ್ತಾ ನುಡಿಸುವ ಮಾರ್ಚಿಂಗ್ ಬ್ಯಾಂಡ್ ಮಾಡಿದರೆ ದೈಹಿಕ ಶಿಕ್ಷಣದ ಕ್ರೆಡಿಟ್ಟೂ ಅದರಲ್ಲೇ ಸಿಗಬಹುದು. ನಾನು ಅಳಿಸಿದ ಆ ಒಂದು ಪದ ಎರಡು ಅವಶ್ಯಕತೆ ತೀರಿಸುತ್ತಿತ್ತು.

ರಾಜ್ಯಮಟ್ಟದ ಪರೀಕ್ಷೆಗಳೂ ಇವೆ, ಸ್ಟಾರ್ ಅಂತ ಹೆಸರು. ಒಂದು ಕಾಲದಲ್ಲಿ ಹೈಸ್ಕೂಲಿಗೆ ಇಂಥ 15 ಪರೀಕ್ಷೆ ಇಟ್ಟಿದ್ದರು. ಪಾಲಕರು ರೊಚ್ಚಿಗೆದ್ದರು. 2013ರಲ್ಲಿ ಶಾಸನಸಭೆ ಅದನ್ನು 5ಕ್ಕೆ ಇಳಿಸಿತು. ಓದುವ ಮಕ್ಕಳಿಗೆ ಇವು ಕಷ್ಟವೇನಲ್ಲ. ಅವರ ನಿಜವಾದ ಬೆಟ್ಟ ಎಪಿ, ಅಂದರೆ ಹೈಸ್ಕೂಲಿನಲ್ಲೇ ಕಾಲೇಜು ಮಟ್ಟದ ಪಾಠ. ಪರೀಕ್ಷೆ ಮೇ ತಿಂಗಳಲ್ಲಿ, ಅಂಕ 1ರಿಂದ 5ರವರೆಗೆ. ಒಳ್ಳೆ ಅಂಕ ಬಂದರೆ ಎಷ್ಟೋ ಕಾಲೇಜುಗಳು ಆ ವಿಷಯವನ್ನು ಮತ್ತೆ ಓದಿಸುವುದಿಲ್ಲ. ಕ್ಯಾಲ್ಕುಲಸ್, ಭೌತಶಾಸ್ತ್ರದ ಜೊತೆಗೆ ಸಂಗೀತ ಶಾಸ್ತ್ರದ ಎಪಿಯೂ ಇದೆ.

ಭಾಷೆಯ ಎರಡು ಕ್ರೆಡಿಟ್ ಬಗ್ಗೆ ಕನ್ನಡದ ಮನೆಗಳಿಗೊಂದು ಮಾತು. ತರಗತಿಯಲ್ಲಿ ಕೂರದೆ ಪರೀಕ್ಷೆ ಬರೆದು ಭಾಷಾ ಕ್ರೆಡಿಟ್ ಪಡೆಯಲು ಹಲವು ಡಿಸ್ಟ್ರಿಕ್ಟ್‌ಗಳು ಬಿಡುತ್ತವೆ. ಕನ್ನಡದಲ್ಲಿ ಬರೆಯುವುದನ್ನೂ ಮಾತಾಡುವುದನ್ನೂ ಅಳೆಯುವ ಪರೀಕ್ಷೆ ಅಮೆರಿಕದಲ್ಲಿ ಇದೆ. ನಿಮ್ಮ ಡಿಸ್ಟ್ರಿಕ್ಟ್ ಅದನ್ನು ಒಪ್ಪುತ್ತದೆಯೇ ಅಂತ ಶಾಲೆಯ ಕೌನ್ಸೆಲರ್ ಹತ್ತಿರ ಕೇಳಿ. ಆದರೆ ಮನೆಯಲ್ಲಿ ‘ಊಟಕ್ಕೆ ಬಾ’ ಅಂದರೆ ಓಡಿ ಬರುವ ಮಗು ಕಾಗುಣಿತ ಬರೆಯಲಾರದು ಅಲ್ವಾ? ವಾರಾಂತ್ಯದ ಕನ್ನಡ ಶಾಲೆಗೆ ಕಳಿಸಿದ್ದರ ಬೆಲೆ ಆಗ ಗೊತ್ತಾಗುತ್ತದೆ.

ಇನ್ನು ಎಲ್ಲರಿಗೂ ತಲೆನೋವು ತರುವ ವಿಷಯ, ಜಿಪಿಎ (ವಿಷಯಗಳ ಅಂಕದ ಸರಾಸರಿ) ಮತ್ತು ರ‍್ಯಾಂಕ್. ಇದನ್ನು ನಿಧಾನವಾಗಿ ಹೇಳುತ್ತೇನೆ.

1997ರಲ್ಲಿ ಟೆಕ್ಸಸ್ ಒಂದು ಕಾಯ್ದೆ ಮಾಡಿತು. ಯಾವುದೇ ಹೈಸ್ಕೂಲಿನಲ್ಲಿ ತನ್ನ ತರಗತಿಯ ಮೊದಲ ಶೇ 10ರೊಳಗೆ ಬಂದ ಮಗುವಿಗೆ ರಾಜ್ಯದ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ನೇರ ಪ್ರವೇಶ. ಹತ್ತಿ ಬೆಳೆಯುವ ಸಣ್ಣ ಊರಿನ ಶಾಲೆಯ ಶೇ 10ಕ್ಕೂ ಡಾಲಸ್ ಹೊರವಲಯದ ಶ್ರೀಮಂತ ಶಾಲೆಯ ಶೇ 10ಕ್ಕೂ ಬೆಲೆ ಒಂದೇ. ಉದ್ದೇಶ ಚೆನ್ನಾಗಿದೆ, ನಾನು ಇದನ್ನು ಮನಸಾರೆ ಒಪ್ಪುತ್ತೇನೆ. ಆದರೆ ಎಲ್ಲರೂ ನುಗ್ಗುವ ಆಸ್ಟಿನ್‌ನ ಟೆಕ್ಸಸ್ ವಿಶ್ವವಿದ್ಯಾಲಯಕ್ಕೆ ಬೇರೆ ಮಿತಿ ಇದೆ. ಅದು ಹಲವು ವರ್ಷ ಶೇ 6 ಇತ್ತು, 2026ರಲ್ಲಿ ಸೇರುವವರಿಗೆ ಶೇ 5 ಆಗಿದೆ. ಅದೂ ವಿಶ್ವವಿದ್ಯಾಲಯಕ್ಕೆ ಪ್ರವೇಶ ಮಾತ್ರ. ಬೇಕಾದ ವಿಭಾಗ ಸಿಗುತ್ತದೆ ಅನ್ನುವ ಖಾತರಿ ಇಲ್ಲ.

ರ‍್ಯಾಂಕ್ ಬರುವುದು ಜಿಪಿಎಯಿಂದ. ಕಷ್ಟದ ವಿಷಯಕ್ಕೆ ಜಾಸ್ತಿ ತೂಕ. ಡಿಸ್ಟ್ರಿಕ್ಟ್‌ನಿಂದ ಡಿಸ್ಟ್ರಿಕ್ಟ್‌ಗೆ ಲೆಕ್ಕ ಬೇರೆ, ಅರ್ಥವಾಗಲಿ ಅಂತ ಒಂದು ಉದಾಹರಣೆ ಕೊಡುತ್ತೇನೆ. ಎಪಿಯಲ್ಲಿ ಪೂರ್ತಿ ಅಂಕ ಬಂದರೆ 5, ಸಾಮಾನ್ಯ ವಿಷಯದಲ್ಲಿ ಪೂರ್ತಿ ಬಂದರೆ 4 ಅಂತಿಟ್ಟುಕೊಳ್ಳಿ. ಏಳೂ ವಿಷಯ ಎಪಿ ತಗೊಂಡ ಹುಡುಗನ ಸರಾಸರಿ 5. ಆರು ಎಪಿ, ಒಂದು ಬ್ಯಾಂಡ್ ತಗೊಂಡ ಹುಡುಗಿಯ ಸರಾಸರಿ 4.86. ಇಬ್ಬರಿಗೂ ಎಲ್ಲದರಲ್ಲೂ ನೂರಕ್ಕೆ ನೂರು! ಆದರೂ ಬ್ಯಾಂಡ್ ತಗೊಂಡವಳು ಹಿಂದೆ ಬೀಳುತ್ತಾಳೆ. ನಾಲ್ಕು ವರ್ಷ ಹೀಗಾದರೆ ಏನಾಗುತ್ತದೆ, ನೀವೇ ಯೋಚಿಸಿ. ಹತ್ತನೇ ತರಗತಿಯ ಹೊತ್ತಿಗೆ ಎಷ್ಟೋ ಮಕ್ಕಳು ವಾದ್ಯವನ್ನು ಪೆಟ್ಟಿಗೆಯಲ್ಲಿಟ್ಟು ಬಿಡುವುದು ಇದಕ್ಕೇ. ನಮ್ಮ ಸಮುದಾಯದಲ್ಲಿ ಇದು ಇನ್ನೂ ಜಾಸ್ತಿ. ನನಗೆ ಇದು ನಿಜಕ್ಕೂ ನೋವಿನ ವಿಷಯ. ಕಲೆಯನ್ನು ಕಡ್ಡಾಯ ಮಾಡಿದ ವ್ಯವಸ್ಥೆಯೇ ಅದನ್ನು ಆಳವಾಗಿ ಕಲಿಯುವ ಮಗುವಿನ ಅಂಕ ಇಳಿಸಬಾರದು. ಕೆಲವು ಡಿಸ್ಟ್ರಿಕ್ಟ್‌ಗಳು ಈ ತಪ್ಪನ್ನು ಕಂಡುಕೊಂಡು, ಮುಖ್ಯ ವಿಷಯಗಳನ್ನಷ್ಟೇ ರ‍್ಯಾಂಕ್ ಲೆಕ್ಕಕ್ಕೆ ತೆಗೆದುಕೊಳ್ಳುತ್ತವೆ. ನಿಮ್ಮಲ್ಲಿ ಹೇಗೆ ಅಂತ ಎಂಟನೇ ತರಗತಿಯಲ್ಲೇ ಕೇಳಿಕೊಳ್ಳಿ. ಕೇಳದೆ ಬ್ಯಾಂಡ್ ಬಿಡಿಸಬೇಡಿ.

ಈಗ ಯುಐಎಲ್. ಈ ಮೂರಕ್ಷರ ಗೊತ್ತಿಲ್ಲದೆ ಟೆಕ್ಸಸ್‌ನ ಹೈಸ್ಕೂಲ್ ಅರ್ಥವಾಗುವುದಿಲ್ಲ. ಯೂನಿವರ್ಸಿಟಿ ಇಂಟರ್‌ಸ್ಕೊಲಾಸ್ಟಿಕ್ ಲೀಗ್. ಆಸ್ಟಿನ್‌ನ ಟೆಕ್ಸಸ್ ವಿಶ್ವವಿದ್ಯಾಲಯ 1910ರಲ್ಲಿ ಶುರು ಮಾಡಿದ ಸಂಸ್ಥೆ. ಹುಟ್ಟಿದ್ದು ಚರ್ಚಾಸ್ಪರ್ಧೆಗೆ. ಫುಟ್‌ಬಾಲ್ (ನಮ್ಮ ಕಾಲ್ಚೆಂಡಲ್ಲ, ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಅಮೆರಿಕದ ಆಟ) ಬಂದದ್ದು ಆಮೇಲೆ! ಇವತ್ತು ಆಟ, ಸಂಗೀತ, ನಾಟಕ, ಗಣಿತ, ಸ್ಪೆಲಿಂಗ್, ಪ್ರಬಂಧ ಎಲ್ಲದರ ಶಾಲಾ ಸ್ಪರ್ಧೆಗಳೂ ಇದರ ಕೈಯಲ್ಲೇ ಇವೆ. ಬೇರೆ ಅನೇಕ ರಾಜ್ಯಗಳಲ್ಲಿ ಆಟಕ್ಕೊಂದು ಸಂಸ್ಥೆ, ಸಂಗೀತಕ್ಕೊಂದು ಸಂಸ್ಥೆ. ಇಲ್ಲಿ ಎಲ್ಲಕ್ಕೂ ಒಂದೇ ಚಾವಣಿ. ಒಂದು ಕಹಿ ಸತ್ಯವನ್ನೂ ಹೇಳಬೇಕು. ದಶಕಗಳ ಕಾಲ ಕಪ್ಪು ಮಕ್ಕಳ ಶಾಲೆಗಳಿಗೆ ಇದರಲ್ಲಿ ಜಾಗ ಇರಲಿಲ್ಲ. ಅವರು ಪ್ರೇರಿ ವ್ಯೂ ಕಾಲೇಜಿನ ಹೆಸರಿನಲ್ಲಿ ತಮ್ಮದೇ ಲೀಗ್ ಕಟ್ಟಿಕೊಂಡು ಆಡಿದರು, ಹಾಡಿದರು. ಯುಐಎಲ್ ಬಾಗಿಲು ತೆರೆದದ್ದು 1960ರ ದಶಕದ ಕೊನೆಯಲ್ಲಿ.

ಮಕ್ಕಳ ಸಂಖ್ಯೆ ನೋಡಿ ಶಾಲೆಗಳನ್ನು 1ಎ ಇಂದ 6ಎ ವರೆಗೆ ವಿಂಗಡಿಸುತ್ತಾರೆ. ಎರಡು ವರ್ಷಕ್ಕೊಮ್ಮೆ ಮತ್ತೆ ಎಣಿಕೆ. 6ಎ ಶಾಲೆಯಲ್ಲಿ ಮಕ್ಕಳು ಸಾವಿರಗಟ್ಟಲೆ, 1ಎ ಶಾಲೆಯಲ್ಲಿ ನೂರೂ ಇರಲಿಕ್ಕಿಲ್ಲ. ಅಂಥ ಪುಟ್ಟ ಶಾಲೆಗೆ ಹನ್ನೊಂದು ಜನರ ಫುಟ್‌ಬಾಲ್ ತಂಡ ಎಲ್ಲಿಂದ ಬರಬೇಕು? ಅವರಿಗೆ ಆರು ಜನರ ಫುಟ್‌ಬಾಲ್ ಇದೆ. ಸಣ್ಣ ಊರುಗಳಲ್ಲಿ ಅರ್ಧ ಆಟ ಮುಗಿಸಿದ ಹುಡುಗ ಬೆವರಿನ ಜೆರ್ಸಿಯಲ್ಲೇ ಬಂದು ಬ್ಯಾಂಡಿನಲ್ಲಿ ಟ್ರಂಪೆಟ್ ಹಿಡಿಯುವುದುಂಟು. ಹಾಗೆ ಮಾಡದಿದ್ದರೆ ಬ್ಯಾಂಡೂ ಇಲ್ಲ, ತಂಡವೂ ಇಲ್ಲ.

ಪಾಠದ ಸ್ಪರ್ಧೆಗಳಲ್ಲಿ ನನಗೆ ಬಹಳ ಇಷ್ಟವಾದದ್ದು ನಂಬರ್ ಸೆನ್ಸ್. ಹತ್ತು ನಿಮಿಷ, 80 ಲೆಕ್ಕ. ಎಲ್ಲ ಮನಸ್ಸಿನಲ್ಲೇ ಮಾಡಬೇಕು. ಹಾಳೆಯಲ್ಲಿ ಉತ್ತರ ಬಿಟ್ಟು ಬೇರೇನೂ ಗೀಚುವಂತಿಲ್ಲ. ಬರೆದದ್ದನ್ನು ಅಳಿಸುವಂತಿಲ್ಲ, ಅದರ ಮೇಲೆ ತಿದ್ದುವಂತೆಯೂ ಇಲ್ಲ. ಬಾಯಿಲೆಕ್ಕ ಹೇಳಿಸಿ ಬೆಳೆಸಿದ ನಮ್ಮ ಹಳೆಯ ಮೇಷ್ಟರು ನೋಡಿದ್ದರೆ ಖುಷಿಪಡುತ್ತಿದ್ದರು.

ಪಾಠ, ಆಟ, ಕಲೆ ಮೂರನ್ನೂ ಒಂದೇ ಹಗ್ಗದಲ್ಲಿ ಕಟ್ಟಿದ ನಿಯಮ ಬಂದದ್ದು 1984ರಲ್ಲಿ. ‘ನೋ ಪಾಸ್, ನೋ ಪ್ಲೇ’. ಪಾಸಾಗದಿದ್ದರೆ ಆಟ ಇಲ್ಲ. ಗವರ್ನರ್ ಮಾರ್ಕ್ ವೈಟ್ ಶಿಕ್ಷಣ ಸುಧಾರಣೆಗೆ ಸಮಿತಿ ಮಾಡಿ, ಉದ್ಯಮಿ ರಾಸ್ ಪೆರೋ ಅವರನ್ನು ಮುಖ್ಯಸ್ಥರನ್ನಾಗಿ ಕೂರಿಸಿದರು. ಅದರಿಂದ ಹೊರಬಂದ ಕಾಯ್ದೆಯಲ್ಲಿ ಇದೂ ಇತ್ತು. ಒಂದೇ ಒಂದು ವಿಷಯದಲ್ಲಿ 70ಕ್ಕಿಂತ ಕಡಿಮೆ ಬಂದರೂ ಆರು ವಾರ ಯಾವ ಸ್ಪರ್ಧೆಗೂ ಇಳಿಯುವಂತಿಲ್ಲ. ಫುಟ್‌ಬಾಲ್ ಅಂದರೆ ಪ್ರಾಣ ಬಿಡುವ ರಾಜ್ಯದಲ್ಲಿ ಇಂಥ ನಿಯಮ! ಕೋಚ್‌ಗಳು ಸಿಟ್ಟಾದರು. 1986ರ ಚುನಾವಣೆಯಲ್ಲಿ ವೈಟ್ ಸೋತರು. ಅದಕ್ಕೆ ಈ ಸಿಟ್ಟೂ ಒಂದು ಕಾರಣ ಅಂತ ಜನ ಇಂದಿಗೂ ಹೇಳುತ್ತಾರೆ. ನಿಯಮ ಮಾತ್ರ ಉಳಿಯಿತು. 1995ರಲ್ಲಿ ಆರು ವಾರವನ್ನು ಮೂರು ವಾರಕ್ಕೆ ಇಳಿಸಿದರು.

ಈಗ ಅದು ನಡೆಯುವುದು ಹೀಗೆ. ಅಂಕ ಹಾಕುವ ಅವಧಿ ಮುಗಿದ ದಿನ ಯಾವ ವಿಷಯದಲ್ಲಾದರೂ 69 ಇದ್ದರೆ, ಏಳು ದಿನದ ನಂತರ ಮಗು ಸ್ಪರ್ಧೆಯಿಂದ ಹೊರಗೆ. ಅಭ್ಯಾಸಕ್ಕೆ ಬರಬಹುದು, ಪಂದ್ಯ ಆಡುವಂತಿಲ್ಲ. ಮೂರು ವಾರದ ನಂತರ ಎಲ್ಲ ವಿಷಯದಲ್ಲೂ 70 ಮುಟ್ಟಿದ್ದರೆ, ಇನ್ನೊಂದು ಏಳು ದಿನ ಕಳೆದು ಮತ್ತೆ ಒಳಗೆ. ಎಪಿಯಂಥ ಕಷ್ಟದ ವಿಷಯಗಳಿಗೆ ವಿನಾಯಿತಿ ಇದೆ, ಇಲ್ಲದಿದ್ದರೆ ಮಕ್ಕಳು ಅವನ್ನು ಮುಟ್ಟುತ್ತಲೇ ಇರಲಿಲ್ಲ. ಈ ನಿಯಮ ಆಟಗಾರರಿಗೆ ಮಾತ್ರ ಅಂದುಕೊಳ್ಳಬೇಡಿ. ನಾಟಕದ ನಾಯಕಿಗೂ, ಬ್ಯಾಂಡಿನ ಡ್ರಮ್ ಬಾರಿಸುವವನಿಗೂ ಅಷ್ಟೇ ಅನ್ವಯ. ಮಗಳ ಬ್ಯಾಂಡಿನಲ್ಲಿ ಒಮ್ಮೆ ಸ್ಪರ್ಧೆಗೆ ಹತ್ತು ದಿನ ಇರುವಾಗ ಒಬ್ಬ ಹುಡುಗನಿಗೆ ರಸಾಯನಶಾಸ್ತ್ರದಲ್ಲಿ 68 ಬಂತು. ಮೈದಾನದಲ್ಲಿ ಅವನು ನಿಲ್ಲಬೇಕಾದ ಜಾಗ ಖಾಲಿ ಉಳಿಯಿತು. ಉಳಿದವರು ಅವನನ್ನು ಬೈಯಲಿಲ್ಲ. ಊಟದ ಹೊತ್ತಿನಲ್ಲಿ ಇಬ್ಬರು ಅವನ ಪಕ್ಕ ಕೂತು ರಸಾಯನಶಾಸ್ತ್ರ ಹೇಳಿಕೊಟ್ಟರು.

ಇನ್ನೊಂದು ಎಂಟು ಗಂಟೆಯ ನಿಯಮ ಇದೆ. ಶಾಲೆ ನಡೆಯುವ ವಾರದಲ್ಲಿ ಶಾಲೆಯ ಸಮಯದ ಹೊರಗೆ ಒಂದು ಚಟುವಟಿಕೆಯ ಅಭ್ಯಾಸ ಎಂಟು ಗಂಟೆ ಮೀರುವಂತಿಲ್ಲ. ಪಾಲಕರು ಇದನ್ನು ತಿಳಿದಿರಬೇಕು. ಮಗು ಬಳಲಿದೆ ಅನ್ನಿಸಿದರೆ ಈ ನಿಯಮವನ್ನು ಎತ್ತಿ ಕೇಳುವ ಹಕ್ಕು ನಿಮಗಿದೆ.

ಆಟದ ವಿಷಯ ಬೇಗ ಹೇಳಿ ಮುಗಿಸುತ್ತೇನೆ, ಇದರ ಬಗ್ಗೆ ಎಲ್ಲರೂ ಬರೆಯುತ್ತಾರೆ. ಶಾಲೆಯ ಮೊದಲ ತಂಡ ವಾರ್ಸಿಟಿ, ಎರಡನೆಯದು ಜೆವಿ, ಒಂಬತ್ತನೇ ತರಗತಿಯವರದು ಬೇರೆ. ಟ್ರೈಔಟ್ ನಡೆಸಿ ಆರಿಸುತ್ತಾರೆ. ಅದಕ್ಕೂ ಮೊದಲು ಡಾಕ್ಟರ ತಪಾಸಣೆಯ ಚೀಟಿ ಬೇಕು. ಕೋಚ್ ಅಂದರೆ ಹೊರಗಿನವರಲ್ಲ, ಶಾಲೆಯ ಮೇಷ್ಟರೇ. ಬೆಳಿಗ್ಗೆ ಅಮೆರಿಕದ ಅಂತರ್ಯುದ್ಧ ಪಾಠ ಮಾಡಿದವರೇ ಮಧ್ಯಾಹ್ನ ಸೀಟಿ ಹಿಡಿಯುತ್ತಾರೆ. ಅಥ್ಲೆಟಿಕ್ಸ್ ಕೂಡ ದಿನದ ಒಂದು ಪೀರಿಯಡ್. ಹೆಣ್ಣುಮಕ್ಕಳ ಆಟಕ್ಕೆ ಬಾಗಿಲು ತೆರೆದದ್ದು ಶಾಲೆಯಲ್ಲಿ ಹೆಣ್ಣು ಗಂಡು ಅಂತ ಭೇದ ಮಾಡಬಾರದು ಅನ್ನುವ 1972ರ ಟೈಟಲ್ ನೈನ್ ಕಾಯ್ದೆ. ಅದಕ್ಕೆ ಮುಂಚೆ ಇಡೀ ಅಮೆರಿಕದಲ್ಲಿ ಹೈಸ್ಕೂಲಿನ ಆಟಕ್ಕಿಳಿಯುತ್ತಿದ್ದ ಹುಡುಗಿಯರು ಸುಮಾರು 3 ಲಕ್ಷ. ಈಗ 30 ಲಕ್ಷಕ್ಕೂ ಜಾಸ್ತಿ.

ಫುಟ್‌ಬಾಲ್ ಸ್ಟೇಡಿಯಂಗಳ ಬಗ್ಗೆ ಮಾತ್ರ ಸ್ವಲ್ಪ ನಿಲ್ಲಬೇಕು, ಹೊಸಬರೆಲ್ಲ ಅಲ್ಲೇ ಎಡವುತ್ತಾರೆ. ಡಾಲಸ್‌ನ ಉತ್ತರಕ್ಕೆ ಆಲನ್ ಅನ್ನುವ ಊರಿದೆ. ಅಲ್ಲಿನ ಹೈಸ್ಕೂಲಿಗೆ 2012ರಲ್ಲಿ 18,000 ಜನ ಕೂರುವ ಸ್ಟೇಡಿಯಂ ಬಂತು. ಖರ್ಚು 6 ಕೋಟಿ ಡಾಲರ್. ಎರಡೇ ವರ್ಷದಲ್ಲಿ ಕಾಂಕ್ರೀಟ್ ಬಿರುಕು ಬಿಟ್ಟು 2014ರಲ್ಲಿ ಮುಚ್ಚಬೇಕಾಯಿತು, ರಿಪೇರಿಯಾಗಿ 2015ರಲ್ಲಿ ಮತ್ತೆ ತೆರೆಯಿತು. ‘ಇಷ್ಟು ದುಡ್ಡಲ್ಲಿ ಮೇಷ್ಟರಿಗೆ ಸಂಬಳ ಜಾಸ್ತಿ ಮಾಡಬಾರದಿತ್ತಾ?’ ಅಂತ ಯಾರಿಗಾದರೂ ಅನ್ನಿಸುತ್ತದೆ. ಉತ್ತರ ಇರುವುದು ತೆರಿಗೆಯಲ್ಲಿ. ಶಾಲೆಯ ಆಸ್ತಿ ತೆರಿಗೆಗೆ ಎರಡು ಡಬ್ಬಿ ಇವೆ. ಒಂದು ಡಬ್ಬಿ ಸಂಬಳ, ಕರೆಂಟು, ಬಸ್ಸು, ದಿನದ ಖರ್ಚಿಗೆ. ಇನ್ನೊಂದು ಸಾಲ ತೀರಿಸುವುದಕ್ಕೆ. ಕಟ್ಟಡ ಕಟ್ಟಬೇಕಾದರೆ ಊರಿನ ಮತದಾರರು ಬಾಂಡ್ ಸಾಲಕ್ಕೆ ವೋಟು ಹಾಕಿ ಒಪ್ಪಬೇಕು. ಆ ದುಡ್ಡನ್ನು ಸಂಬಳಕ್ಕೆ ಮುಟ್ಟುವ ಹಾಗಿಲ್ಲ. ಆಲನ್‌ನ ಜನ 2009ರಲ್ಲಿ 11.9 ಕೋಟಿ ಡಾಲರ್ ಬಾಂಡಿಗೆ ಒಪ್ಪಿದಾಗ ಅದರಲ್ಲಿ ಸ್ಟೇಡಿಯಂ ಜೊತೆಗೆ ನಾಟಕ ಸಂಗೀತದ ಸಭಾಂಗಣವೂ ಇತ್ತು. ಸುದ್ದಿಯಾಗಿದ್ದು ಸ್ಟೇಡಿಯಂ ಮಾತ್ರ. ಆ ಸ್ಟೇಡಿಯಂ ಹುಲ್ಲಿನ ಮೇಲೆ ನಡೆಯುವ ನೂರಾರು ಮಕ್ಕಳ ಬ್ಯಾಂಡ್ ಕೂಡ ಅಮೆರಿಕದ ಅತಿ ದೊಡ್ಡ ಹೈಸ್ಕೂಲ್ ಬ್ಯಾಂಡುಗಳಲ್ಲಿ ಒಂದು.

ಬ್ಯಾಂಡಿಗೆ ಬಂದೆ. ಇಲ್ಲಿ ನಾನು ಸ್ವಲ್ಪ ಜಾಸ್ತಿ ಮಾತಾಡುತ್ತೇನೆ.

ಆಗಸ್ಟ್ ಮೊದಲ ವಾರ, ಶಾಲೆ ಇನ್ನೂ ಶುರುವಾಗಿಲ್ಲ. ಬೆಳಿಗ್ಗೆ ಏಳಕ್ಕೆ ಪಾರ್ಕಿಂಗ್ ಜಾಗದಲ್ಲಿ ಮಕ್ಕಳು ಸಾಲಾಗಿ ನಿಂತಿರುತ್ತಾರೆ. ಒಬ್ಬೊಬ್ಬರ ಕಾಲ ಹತ್ತಿರವೂ ಒಂದು ಗ್ಯಾಲನ್ ನೀರಿನ ಜಗ್ಗು. ಹತ್ತು ಗಂಟೆಗೆಲ್ಲ ಡಾಂಬರು ಕಾದ ಕಾವಲಿ. ಕಲಿಯುವುದು ನಡಿಗೆ. ಐದು ಗಜಕ್ಕೆ ಎಂಟು ಹೆಜ್ಜೆ, ಅಂದರೆ ಒಂದು ಹೆಜ್ಜೆಗೆ 22.5 ಇಂಚು. ಎತ್ತರದವನಿಗೂ ಕುಳ್ಳಗಿನವಳಿಗೂ ಅದೇ ಅಳತೆ. ಪ್ರತಿ ಮಗುವಿಗೂ ಮೈದಾನದಲ್ಲಿ ತನ್ನದೇ ಚುಕ್ಕಿಗಳ ಪಟ್ಟಿ ಇರುತ್ತದೆ. ಇಂಥ ತಾಳಕ್ಕೆ ಇಂಥ ಗೆರೆಯಿಂದ ಇಷ್ಟು ಹೆಜ್ಜೆ ಮುಂದೆ ಅಂತ. ಮೇಲಿಂದ ನೋಡಿದರೆ ರಂಗೋಲಿ. ಚುಕ್ಕಿ ತಾನೇ ಎದ್ದು ಇನ್ನೊಂದು ಜಾಗಕ್ಕೆ ನಡೆದುಹೋಗುವ ರಂಗೋಲಿ. ಕೈಯಲ್ಲಿ ಕ್ಲಾರಿನೆಟ್, ತಲೆಯಲ್ಲಿ ಸ್ವರ, ಕಾಲಲ್ಲಿ ಲೆಕ್ಕ. ಇಷ್ಟೆಲ್ಲ ಮಾಡುವುದು ಹೆಚ್ಚೆಂದರೆ ಎಂಟು ನಿಮಿಷದ ಪ್ರದರ್ಶನಕ್ಕೆ. ಗೆದ್ದು ಗೆದ್ದು ಹೋದರೆ ಕೊನೆಗೆ ಸ್ಯಾನ್ ಆಂಟೋನಿಯೋದ ದೊಡ್ಡ ಸ್ಟೇಡಿಯಂ ಅಲಮೋಡೋಮ್‌ನಲ್ಲಿ ರಾಜ್ಯ ಸ್ಪರ್ಧೆ.

ಅದಕ್ಕೂ ಮೊದಲು ಶುಕ್ರವಾರದ ರಾತ್ರಿಗಳಿವೆ. ಫುಟ್‌ಬಾಲಿನ ಅರ್ಧ ವಿರಾಮದಲ್ಲಿ ಬ್ಯಾಂಡ್ ಮೈದಾನಕ್ಕಿಳಿಯುತ್ತದೆ. ಊರಿನಿಂದ ಬಂದಿದ್ದ ನಮ್ಮ ಅತ್ತೆಯನ್ನು ಒಮ್ಮೆ ಕರೆದುಕೊಂಡು ಹೋಗಿದ್ದೆ. ಅದು ಹೋಮ್‌ಕಮಿಂಗ್ ವಾರ, ಹಳೆಯ ವಿದ್ಯಾರ್ಥಿಗಳು ಬರುವ ವಾರ. ಟೆಕ್ಸಸ್‌ನಲ್ಲಿ ಅವತ್ತು ಹುಡುಗಿಯರು ಎದೆಯ ಮೇಲೆ ‘ಮಮ್’ ಕಟ್ಟಿಕೊಳ್ಳುತ್ತಾರೆ. ದೊಡ್ಡ ಹೂವು, ಅದರಿಂದ ಮೊಣಕಾಲಿನ ಕೆಳಗಿನವರೆಗೂ ಇಳಿಬಿದ್ದ ರಿಬ್ಬನ್ನು, ಗೆಜ್ಜೆ, ಹೆಸರಿನ ಅಕ್ಷರಗಳು. ಅತ್ತೆ ಒಬ್ಬ ಹುಡುಗಿಯ ಹೂವನ್ನು ಮುಟ್ಟಿ ನೋಡಿ, “ಇದು ಸೇವಂತಿಗೆ ಅಲ್ವೇನೇ?” ಅಂದರು. ಹೌದು, ಸೇವಂತಿಗೆಯೇ. ಹಿಂದೆ ನಿಜವಾದ ಹೂವನ್ನೇ ಮುಡಿಸುತ್ತಿದ್ದರು, ಈಗ ಬಟ್ಟೆಯದು. ಆಟ ಅವರಿಗೆ ಅರ್ಥವಾಗಲಿಲ್ಲ. ಬ್ಯಾಂಡ್ ಬಂದಾಗ ಮಾತ್ರ ಎದ್ದು ನಿಂತರು. ಇನ್ನೂರು ಮಕ್ಕಳಲ್ಲಿ ಮೊಮ್ಮಗಳನ್ನು ಹುಡುಕಿ ಹುಡುಕಿ, ಸಿಕ್ಕಿದ ಮೇಲೆ ಕೂರಲೇ ಇಲ್ಲ.

ಇದಕ್ಕೆಲ್ಲ ಪಾಲಕರ ಕೈ ಬೇಕು. ಬೂಸ್ಟರ್ ಕ್ಲಬ್ ಅಂತ ಇರುತ್ತದೆ. ಯೂನಿಫಾರ್ಮ್ ಹೊಂದಿಸುವುದು, ದೊಡ್ಡ ವಾದ್ಯಗಳನ್ನು ಟ್ರಕ್ಕಿಗೆ ಏರಿಸುವುದು, ತಿಂಡಿ ಅಂಗಡಿಯಲ್ಲಿ ನಾಚೋಸ್ ಮಾರಿ ದುಡ್ಡು ಕೂಡಿಸುವುದು ಎಲ್ಲ ಇವರದೇ. ಫೀಸಿಲ್ಲದ ಶಾಲೆಯಲ್ಲೂ ಬ್ಯಾಂಡಿಗೆ ವರ್ಷಕ್ಕೆ ನೂರಾರು ಡಾಲರ್ ಆಗಬಹುದು. ಕಷ್ಟ ಇದ್ದರೆ ಸಂಕೋಚ ಬಿಟ್ಟು ಬ್ಯಾಂಡಿನ ಡೈರೆಕ್ಟರ್ ಹತ್ತಿರ ಹೇಳಿ, ಬಹಳಷ್ಟು ಕಡೆ ದಾರಿ ಮಾಡಿಕೊಡುತ್ತಾರೆ. ಟ್ಯೂಬಾದಂಥ ದುಬಾರಿ ವಾದ್ಯವನ್ನು ಸಾಮಾನ್ಯವಾಗಿ ಶಾಲೆಯೇ ಕೊಡುತ್ತದೆ. ಅಮ್ಮಂದಿರಿಗೆ ಗೆಳೆತನ ಸಿಗುವ ಜಾಗವೂ ಇದೇ. ನನಗೆ ಈ ಊರು ನನ್ನದು ಅನ್ನಿಸಿದ್ದು ಆ ತಿಂಡಿ ಅಂಗಡಿಯ ಕಿಟಕಿಯಲ್ಲಿ ನಿಂತಾಗ.

ನಾಟಕದ್ದು ಇನ್ನೊಂದು ಲೋಕ. ಯುಐಎಲ್‌ನ ಏಕಾಂಕ ನಾಟಕ ಸ್ಪರ್ಧೆ 1920ರ ದಶಕದಿಂದ ನಡೆದು ಬಂದಿದೆ. ನಾಟಕ 40 ನಿಮಿಷ ದಾಟಿದರೆ ತಂಡವೇ ಸ್ಪರ್ಧೆಯಿಂದ ಹೊರಗೆ. ರಂಗಸಜ್ಜಿಕೆ ಜೋಡಿಸಲು ಏಳು ನಿಮಿಷ, ತೆಗೆಯಲು ಏಳು ನಿಮಿಷ. ಎಲ್ಲ ಶಾಲೆಗೂ ಒಂದೇ ಥರದ ಬೂದು ಬಣ್ಣದ ಮೆಟ್ಟಿಲು, ಕಂಬ, ಕಟ್ಟೆಗಳು. ದುಡ್ಡಿರುವ ಶಾಲೆ ಅರಮನೆ ಕಟ್ಟಿ ಗೆಲ್ಲದ ಹಾಗೆ ಮಾಡಿದ ಏರ್ಪಾಡು. ಅದೇ ಬೂದು ಮೆಟ್ಟಿಲು ಒಂದು ತಂಡಕ್ಕೆ ಗ್ರೀಸಿನ ದೇವಸ್ಥಾನ, ಇನ್ನೊಂದಕ್ಕೆ ಆಸ್ಪತ್ರೆ. ನೀನಾಸಂ ತಿರುಗಾಟದ ನಾಟಕ ನೋಡಿ ಬೆಳೆದವರಿಗೆ ಇದು ಹೊಸದಲ್ಲ, ಒಂದು ಮೇಜು ಕುರ್ಚಿಯಲ್ಲಿ ಊರನ್ನೇ ತೋರಿಸುವುದನ್ನು ನಾವು ಕಂಡಿದ್ದೇವೆ.

ಚಳಿಗಾಲ ಬಂದರೆ ಬ್ಯಾಂಡ್ ಮೈದಾನ ಬಿಟ್ಟು ಒಳಗೆ ಕೂರುತ್ತದೆ. ಆಲ್ ಸ್ಟೇಟ್ ಅನ್ನುವ ರಾಜ್ಯಮಟ್ಟದ ಆಯ್ಕೆ ನಡೆಯುತ್ತದೆ. ಶುರುವಿನಲ್ಲಿ 70 ಸಾವಿರಕ್ಕೂ ಹೆಚ್ಚು ಮಕ್ಕಳು, ಕೊನೆಗೆ ಆಯ್ಕೆಯಾಗುವವರು ಎರಡು ಸಾವಿರದೊಳಗೆ. ಅದನ್ನು ಗೆದ್ದ ಮಗುವನ್ನು ಎಪಿಯಲ್ಲಿ 5 ತಗೊಂಡ ಮಗುವಿನಷ್ಟೇ ಗೌರವದಿಂದ ನೋಡಬೇಕು ಅನ್ನುವುದು ನನ್ನ ಅಭಿಪ್ರಾಯ.

ಆದರೆ ಟೆಕ್ಸಸ್‌ನ ಸರ್ಕಾರಿ ಶಾಲೆ ಮಕ್ಕಳಿಗೆ ಏನು ಕಲಿಸುತ್ತದೆ ಅಂತ ಯಾರಾದರೂ ಕೇಳಿದರೆ ನಾನು ಅವರನ್ನು ವಸಂತದಲ್ಲಿ ನಡೆಯುವ ಸೈಟ್ ರೀಡಿಂಗ್ ಸ್ಪರ್ಧೆಗೆ ಕರೆದುಕೊಂಡು ಹೋಗುತ್ತೇನೆ. ಮೊದಲು ವೇದಿಕೆಯ ಮೇಲೆ ತಿಂಗಳುಗಟ್ಟಲೆ ಅಭ್ಯಾಸ ಮಾಡಿದ ಮೂರು ಕೃತಿ ನುಡಿಸುತ್ತಾರೆ. ಆಮೇಲೆ ಇಡೀ ಬ್ಯಾಂಡನ್ನು ಇನ್ನೊಂದು ಕೋಣೆಗೆ ಕಳಿಸುತ್ತಾರೆ. ಅಲ್ಲಿ ಸ್ಟ್ಯಾಂಡಿನ ಮೇಲೆ ಯಾರೂ ಈವರೆಗೆ ನೋಡಿರದ ಒಂದು ಕೃತಿ ಇರುತ್ತದೆ. ಡೈರೆಕ್ಟರ್‌ಗೆ ಸಿಗುವುದು ಕೆಲವೇ ನಿಮಿಷ. ಆ ಹೊತ್ತಿನಲ್ಲಿ ಒಬ್ಬರೂ ವಾದ್ಯ ನುಡಿಸುವಂತಿಲ್ಲ. ಬಾಯಲ್ಲಿ ಹಾಡಬಹುದು, ಕೈಯಲ್ಲಿ ತಾಳ ಹಾಕಬಹುದು, ಬೆರಳು ಆಡಿಸಬಹುದು.

ನಾನು ಗೋಡೆಯ ಪಕ್ಕದ ಕುರ್ಚಿಯಲ್ಲಿ ಕೂತಿದ್ದೆ. ಡೈರೆಕ್ಟರ್ ಮೆಲ್ಲಗೆ ಎಣಿಸುತ್ತಾ ಹೋದರು. ಅರವತ್ತು ಮಕ್ಕಳು ತಮ್ಮ ತಮ್ಮ ಸ್ವರವನ್ನು ಗುನುಗುತ್ತಿದ್ದರು. ಮಗಳ ಬೆರಳು ಕ್ಲಾರಿನೆಟ್ಟಿನ ಮೇಲೆ ಸದ್ದಿಲ್ಲದೆ ಓಡುತ್ತಿತ್ತು. ಒಂದು ಕಡೆ ಶ್ರುತಿ ಬದಲಾಗುವ ಜಾಗದಲ್ಲಿ ಡೈರೆಕ್ಟರ್ ಬರೀ ಹುಬ್ಬು ಎತ್ತಿದರು, ಅಷ್ಟೂ ಮಕ್ಕಳು ಹಾಳೆಯ ಅದೇ ಸಾಲಿಗೆ ಬಗ್ಗಿದರು. ಸಮಯ ಮುಗಿಯಿತು ಅಂತ ತೀರ್ಪುಗಾರರು ಹೇಳಿದರು. ಎಲ್ಲರೂ ವಾದ್ಯ ತುಟಿಗೆ ತಂದರು.